ದೋಣಿಯ ಬಾಯಿಗೆ ಮೂರು ಹಲಗೆ

1979ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ ಒಂದು ತನಿಖಾ ವರದಿ ಹೊರಬಂತು. ಆ ವರ್ಷದ ಆಗಸ್ಟ್‌ನಲ್ಲಿ ನಡೆದ ಫಾಸ್ಟ್‌ನೆಟ್ ಹಾಯಿದೋಣಿ ಪಂದ್ಯದಲ್ಲಿ 15 ಸ್ಪರ್ಧಿಗಳು ಪ್ರಾಣ ಕಳೆದುಕೊಂಡಿದ್ದರು. ರಾಯಲ್ ಯಾಟಿಂಗ್ ಅಸೋಸಿಯೇಷನ್ ಮತ್ತು ಪಂದ್ಯ ಏರ್ಪಡಿಸಿದ್ದ ರಾಯಲ್ ಓಷನ್ ರೇಸಿಂಗ್ ಕ್ಲಬ್ ಜೊತೆಯಾಗಿ ಸಿದ್ಧಪಡಿಸಿದ ಆ ವರದಿಯಲ್ಲಿ ಗಾಳಿಯ ವೇಗ, ಅಲೆಗಳ ಎತ್ತರ, ತೆಪ್ಪಗಳ ಗುಣಮಟ್ಟ, ಸುರಕ್ಷತಾ ಪಟ್ಟಿಗಳ ಕೊಕ್ಕೆ, ಹೀಗೆ ನಿರೀಕ್ಷಿಸಿದ್ದೆಲ್ಲ ಇತ್ತು. ಆದರೆ ದೋಣಿಗಳ ಒಳಗೆ ನೀರು ಹೇಗೆ ಹೊಕ್ಕಿತು ಎಂಬ ಪ್ರಶ್ನೆಗೆ ತನಿಖೆದಾರರು ಬೊಟ್ಟು ಮಾಡಿದ್ದು ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳದ ಒಂದು ಜಾಗಕ್ಕೆ: ಕ್ಯಾಬಿನ್ನಿನ ಬಾಗಿಲು, ಅದಕ್ಕೆ ಹಾಕಿ ತೆಗೆಯುವ ಹಲಗೆಗಳು.

ಸಣ್ಣ ಹಾಯಿದೋಣಿಯ ಹಿಂಭಾಗದಲ್ಲಿ ಚುಕ್ಕಾಣಿ ಹಿಡಿದವರು ಕೂರುವ ತಗ್ಗಿನ ಜಾಗಕ್ಕೆ ಕಾಕ್‌ಪಿಟ್ ಎನ್ನುತ್ತಾರೆ. ಅಲ್ಲಿಂದ ಏಣಿ ಹಿಡಿದು ಕ್ಯಾಬಿನ್ನಿಗೆ ಇಳಿಯುವ ದಾರಿ ಕಂಪ್ಯಾನಿಯನ್‌ವೇ. ಈ ದಾರಿಯ ನೆತ್ತಿಗೆ ಹಿಂದೆ ಮುಂದೆ ಸರಿಯುವ ಮುಚ್ಚಳ ಇರುತ್ತದೆ. ಎದುರಿಗೆ ಕೀಲು ಬಾಗಿಲಿನ ಬದಲು ಎರಡೋ ಮೂರೋ ಅಡ್ಡ ಹಲಗೆ. ಹಳೆಯ ಪೇಟೆಬೀದಿಗಳ ದಿನಸಿ ಅಂಗಡಿಯವರು ರಾತ್ರಿ ಹೊತ್ತು ಹಲಗೆಗಳನ್ನು ಒಂದೊಂದಾಗಿ ತೋಡಿನಲ್ಲಿ ಸರಿಸಿ ಕೊನೆಯದಕ್ಕೆ ಬೀಗ ಜಡಿಯುತ್ತಿದ್ದುದನ್ನು ಕಂಡವರಿಗೆ ಇದರ ರೀತಿ ಕೂಡಲೇ ಹೊಳೆಯುತ್ತದೆ. ಅಂಗಡಿಯಲ್ಲಿ ಹಲಗೆ ನೆಟ್ಟಗೆ ನಿಲ್ಲುತ್ತದೆ, ದೋಣಿಯಲ್ಲಿ ಅಡ್ಡಡ್ಡ ಕೂರುತ್ತದೆ. ಬ್ರಿಟಿಷ್ ನಾವಿಕರು ಇದನ್ನು ವಾಶ್‌ಬೋರ್ಡ್ ಎನ್ನುತ್ತಾರೆ, ಅಮೆರಿಕದವರು ಹ್ಯಾಚ್‌ಬೋರ್ಡ್ ಅಥವಾ ಡ್ರಾಪ್‌ಬೋರ್ಡ್ ಎನ್ನುತ್ತಾರೆ.

ತೋಡಿನಲ್ಲಿ ಇದ್ದಾಗ ಈ ಹಲಗೆ ಗೋಡೆ. ತೆಗೆದ ಮೇಲೆ ಎಲ್ಲಾದರೂ ಇಡಬೇಕಾದ ಸಾಮಾನು. ಆ ‘ಎಲ್ಲಾದರೂ’ ಎಂಬುದು ಬಾಗಿಲಿನಿಂದ ಎಷ್ಟು ದೂರ ಎಂಬುದರ ಮೇಲೆ ಎಷ್ಟೋ ಜೀವಗಳು ನಿಂತಿದ್ದವು.

ಹಲಗೆಯಿಂದ ಬಾಯಿ ಮುಚ್ಚುವ ಪದ್ಧತಿ ದೊಡ್ಡ ಹಡಗುಗಳಿಂದ ಬಂದದ್ದು. ಸರಕಿನ ಹಡಗುಗಳ ಡೆಕ್ಕಿನ ಮೇಲಿನ ಬಾಯಿಗಳಿಗೆ ಭಾರವಾದ ಹಲಗೆಗಳನ್ನು ಸಾಲಾಗಿ ಹೊದಿಸಿ, ಮೇಲೆ ಟಾರ್ ಬಳಿದ ಕ್ಯಾನ್ವಾಸ್ ಹಾಸಿ, ಅಂಚಿನಲ್ಲಿ ಕಬ್ಬಿಣದ ಪಟ್ಟಿ ಒತ್ತಿ, ಮರದ ಬೆಣೆ ಹೊಡೆದು ಬಿಗಿಯುತ್ತಿದ್ದರು. ಬಂದರಿನಲ್ಲಿ ಸರಕು ಇಳಿಸುವಾಗ ಹಲಗೆಗಳನ್ನು ಕಿತ್ತು ಬಾಯಿಯ ಪಕ್ಕದಲ್ಲೇ ಪೇರಿಸಬೇಕು. ಪ್ರತಿಯೊಂದಕ್ಕೂ ಅದರದೇ ಗುರುತು, ಅದರದೇ ಜಾಗ. ಒಂದು ಹಲಗೆ ತಪ್ಪಿ ಬೇರೆ ಕಡೆ ಕೂತರೆ ಸಂದು ಬಿಡುತ್ತದೆ, ಸಂದಿನ ಮೇಲೆ ಕ್ಯಾನ್ವಾಸ್ ಜೋತುಬೀಳುತ್ತದೆ, ಮೊದಲ ದೊಡ್ಡ ಅಲೆಗೆ ಹರಿಯುತ್ತದೆ. 1929ರಲ್ಲಿ ಇಂಗ್ಲೆಂಡಿನ ಮ್ಯಾಕ್‌ಗ್ರೆಗರ್ ಸಹೋದರರ ಉಕ್ಕಿನ ಮುಚ್ಚಳ ಬಂದ ನಂತರ ದೊಡ್ಡ ಹಡಗುಗಳು ನಿಧಾನವಾಗಿ ಹಲಗೆಯ ಸಹವಾಸ ಬಿಟ್ಟವು. ಸಣ್ಣ ದೋಣಿಗಳು ಬಿಡಲಿಲ್ಲ. ಬಿಡಲು ಕಾರಣವೂ ಇರಲಿಲ್ಲ. ಕೀಲಿರುವ ಬಾಗಿಲು ತೆರೆದುಕೊಳ್ಳಲು ಜಾಗ ಬೇಕು, ಗಾಳಿಗೆ ಬಡಿದುಕೊಳ್ಳುತ್ತದೆ, ಅಲೆಯ ಏಟಿಗೆ ಕೀಲೇ ಕಿತ್ತುಬರುತ್ತದೆ. ಹಲಗೆಗೆ ಆ ರಗಳೆ ಇಲ್ಲ. ಅಂಚುಗಳಿಗೆ ತೋಡಿನ ಆಸರೆ ಇರುವುದರಿಂದ ತೆಳು ಹಲಗೆಯೂ ಒಳ್ಳೆಯ ಹೊಡೆತ ತಾಳುತ್ತದೆ. ಎಷ್ಟು ಬೇಕೋ ಅಷ್ಟೇ ಹಾಕಬಹುದು: ಕೆಳಗಿನದೊಂದನ್ನು ಹಾಕಿ ಕಾಲಿಗೆ ನೀರು ತಾಗದಂತೆ ನೋಡಿಕೊಂಡು, ಮೇಲಿನದು ತೆಗೆದು ಗಾಳಿ ಬರಲು ಬಿಡಬಹುದು.

ಒಳ್ಳೆಯ ಬಡಗಿ ಮಾಡಿದ ಒಂದು ಜೊತೆಯನ್ನು ಹತ್ತಿರದಿಂದ ನೋಡಬೇಕು. ತೇಗದ ಹಲಗೆ, ಇಲ್ಲವೇ ತೇಗದ ಪದರ ಅಂಟಿಸಿದ ಮರೈನ್ ಪ್ಲೈವುಡ್. ಎರಡು ಹಲಗೆ ಸೇರುವಲ್ಲಿ ಅಂಚು ನೇರವಾಗಿರುವುದಿಲ್ಲ. ಕೆಳಗಿನದರ ತಲೆ ಹೊರಕ್ಕೆ ಇಳಿಜಾರು, ಮೇಲಿನದರ ಬುಡವೂ ಅದೇ ಓರೆಗೆ ಕತ್ತರಿಸಿ ಅದರ ಮೇಲೆ ಕೂರುತ್ತದೆ. ಸಂದಿಗೆ ಬಿದ್ದ ನೀರು ಒಳಕ್ಕೆ ಏರಲಾರದೆ ಹೊರಕ್ಕೇ ಜಾರುತ್ತದೆ. ಒಂದು ಹಲಗೆಯನ್ನು ತಲೆಕೆಳಗು ಮಾಡಿ ಹಾಕಿದರೆ ಇಳಿಜಾರು ಒಳಮುಖವಾಗಿ, ನೀರು ನೇರ ಏಣಿಯ ಮೆಟ್ಟಿಲಿಗೆ ಇಳಿಯುತ್ತದೆ. ಅದಕ್ಕೇ ಒಳಮೈಯಲ್ಲಿ ಅಂಕಿಯನ್ನೋ ಬಾಣದ ಗುರುತನ್ನೋ ಕೊರೆದಿರುತ್ತಾರೆ, ಕತ್ತಲಲ್ಲಿ ಬೆರಳಿಗೇ ತಿಳಿಯಲಿ ಎಂದು. ಮಳೆಗಾಲದಲ್ಲಿ ಮರ ಉಬ್ಬಿ ಹಲಗೆ ತೋಡಿನಲ್ಲಿ ಕಚ್ಚಿಕೊಳ್ಳುತ್ತದೆ, ಬೇಸಿಗೆಯಲ್ಲಿ ಒಣಗಿ ಗಡಗಡ ಅಲ್ಲಾಡುತ್ತದೆ. ಕಚ್ಚಿಕೊಂಡಾಗ ಯಜಮಾನ ಅಂಚನ್ನು ಉಜ್ಜಿ ಸಡಿಲ ಮಾಡುತ್ತಾನೆ. ಮುಂದಿನ ಬೇಸಿಗೆಗೆ ಅದು ಇನ್ನಷ್ಟು ಸಡಿಲ.

ಸಡಿಲವಾದ ಹಲಗೆಯಿಂದ ಬಂದರಿನಲ್ಲಿ ಯಾರಿಗೂ ತೊಂದರೆಯಿಲ್ಲ. ತೊಂದರೆ ಏನೆಂಬುದು ನಡುಗಡಲಿನಲ್ಲಿ ದೋಣಿ ಮಗುಚಿದಾಗ ಗೊತ್ತಾಗುತ್ತದೆ. ಮೊದಲ ಮಹಾಯುದ್ಧಕ್ಕೆ ಮುನ್ನ ಸಣ್ಣ ದೋಣಿಗಳಲ್ಲಿ ತೆರೆದ ಸಾಗರಕ್ಕೆ ಇಳಿಯುತ್ತಿದ್ದವರೇ ವಿರಳ. ಎರಡನೆಯ ಮಹಾಯುದ್ಧದ ನಂತರ ಅಂಥವರ ಸಂಖ್ಯೆ ಏರಿತು, ಅವರ ಅನುಭವಗಳು ಪುಸ್ತಕವಾಗಿ ಬಂದವು. ಅವುಗಳಲ್ಲಿ ಮೈ ಜುಮ್ಮೆನಿಸುವುದು ‘ತ್ಸು ಹಾಂಗ್’ ಎಂಬ 46 ಅಡಿಯ ದೋಣಿಯ ಕಥೆ. ಭಾರತೀಯ ಸೇನೆಯಲ್ಲಿ ಬ್ರಿಗೇಡಿಯರ್ ಆಗಿದ್ದು ನಿವೃತ್ತರಾದ ಮೈಲ್ಸ್ ಸ್ಮೀಟನ್, ಅವರ ಹೆಂಡತಿ ಬೆರಿಲ್, ಗೆಳೆಯ ಜಾನ್ ಗಜ್‌ವೆಲ್, ಜೊತೆಗೊಂದು ಸಯಾಮೀ ಬೆಕ್ಕು. ಇಷ್ಟು ಮಂದಿಯ ಸಂಸಾರ ಮೆಲ್ಬರ್ನಿನಿಂದ ಕೇಪ್ ಹಾರ್ನ್ ಕಡೆಗೆ ಹೊರಟಿತ್ತು. 1957ರ ಫೆಬ್ರವರಿಯಲ್ಲಿ ಒಂದು ಅಲೆ ಹಿಂದಿನಿಂದ ಎತ್ತಿ ದೋಣಿಯನ್ನು ಮೂಗಡಿಯಾಗಿ ಮಗುಚಿಹಾಕಿತು. ಚುಕ್ಕಾಣಿ ಹಿಡಿದಿದ್ದ ಬೆರಿಲ್ ನೀರಿಗೆ ಎಸೆಯಲ್ಪಟ್ಟರು, ಈಜಿ ಮರಳಿದರು. ಎರಡೂ ಹಾಯಿಕಂಬ ಮುರಿದುಹೋಗಿದ್ದವು. ಅದಕ್ಕಿಂತ ಕೆಟ್ಟದ್ದು, ಕ್ಯಾಬಿನ್ನಿನ ಮೇಲಿನ ಗೂಡು ಬುಡಸಮೇತ ಕಿತ್ತುಹೋಗಿ ಡೆಕ್ಕಿನಲ್ಲಿ ಚದರ ಕಿಂಡಿಯೊಂದು ಆಕಾಶಕ್ಕೆ ಬಾಯಿ ತೆರೆದಿತ್ತು. ಬಡಗಿಕೆಲಸ ಬಲ್ಲ ಗಜ್‌ವೆಲ್ ಒಳಗಿನ ಮರಮುಟ್ಟು ಕಿತ್ತು, ಹಾಯಿಬಟ್ಟೆ ಹೊದಿಸಿ ಆ ಕಿಂಡಿ ಮುಚ್ಚಿದರು. ಉಳಿದವರು ಬಕೆಟ್ಟಿನಿಂದ ನೀರು ಹೊರಚೆಲ್ಲಿದರು. ದೋಣಿ ಚಿಲಿಯ ತೀರ ಮುಟ್ಟಿತು. ಕಂಬವಿಲ್ಲದಿದ್ದರೂ ದೋಣಿ ತೇಲುತ್ತದೆ, ಬಾಯಿ ತೆರೆದಿದ್ದರೆ ತೇಲುವುದಿಲ್ಲ ಎಂಬುದು ಆ ದಿನ ಮೂವರಿಗೂ ಮನದಟ್ಟಾಯಿತು.

ಇದೇ ವಿಚಾರವನ್ನು ‘ಬ್ಲಾಂಡಿ’ ಹ್ಯಾಸ್ಲರ್ ಎಂಬ ಬ್ರಿಟಿಷ್ ಸೇನಾಧಿಕಾರಿ ಮಗುಚುವ ಮುಂಚೆಯೇ ಯೋಚಿಸಿದ್ದರು. 25 ಅಡಿಯ ಫೋಕ್‌ಬೋಟ್ ಮಾದರಿಯ ಒಡಲಿಗೆ ಅವರು ಕಾಕ್‌ಪಿಟ್ಟನ್ನೇ ಇಡಲಿಲ್ಲ. ಡೆಕ್ಕನ್ನು ಪೂರ್ತಿ ಮುಚ್ಚಿ, ನಡುವೆ ಒಬ್ಬರು ಎದೆಮಟ್ಟ ನಿಲ್ಲುವಷ್ಟು ದುಂಡನೆಯ ಕಿಂಡಿ ಬಿಟ್ಟು, ಅಲ್ಲಿ ನಿಂತೇ ಹಾಯಿ ಸಂಭಾಳಿಸುವ ವ್ಯವಸ್ಥೆ ಮಾಡಿದರು. 1960ರಲ್ಲಿ ಪ್ಲಿಮತ್‌ನಿಂದ ನ್ಯೂಯಾರ್ಕಿಗೆ ನಡೆದ ಮೊದಲ ಏಕಾಂಗಿ ಅಟ್ಲಾಂಟಿಕ್ ಪಂದ್ಯದಲ್ಲಿ ಈ ‘ಜೆಸ್ಟರ್’ 48 ದಿನಗಳಲ್ಲಿ ಗುರಿ ಮುಟ್ಟಿ ಎರಡನೆಯ ಸ್ಥಾನ ಪಡೆಯಿತು. ತೆಗೆದಿಡುವ ಹಲಗೆಯೇ ಇಲ್ಲದಿದ್ದರೆ ಅದನ್ನು ಇಡುವುದೆಲ್ಲಿ ಎಂಬ ಪ್ರಶ್ನೆಯೂ ಇಲ್ಲ. ಆದರೆ ಮಾರುಕಟ್ಟೆಗೆ ಹ್ಯಾಸ್ಲರ್ ಬೇಕಿರಲಿಲ್ಲ.

ಅರವತ್ತರ ದಶಕದಲ್ಲಿ ಫೈಬರ್‌ಗ್ಲಾಸ್ ಬಂದು ಹಾಯಿದೋಣಿ ಮಧ್ಯಮವರ್ಗದ ಸಂಸಾರಕ್ಕೂ ಎಟಕುವಂತಾಯಿತು. ಒಂದೇ ಅಚ್ಚಿನಿಂದ ನೂರಾರು ಒಡಲು ತೆಗೆಯಬಹುದಿತ್ತು. 1969ರಲ್ಲಿ ಬಂದ ವೆಸ್ಟರ್ಲಿ ಸೆಂಟಾರ್ ಎಂಬ 26 ಅಡಿಯ ದೋಣಿಯೊಂದೇ ಎರಡು ಸಾವಿರಕ್ಕೂ ಹೆಚ್ಚು ತಯಾರಾಯಿತು. ಕೊಳ್ಳುವವರು ದೋಣಿ ನೋಡುತ್ತಿದ್ದುದು ಪ್ರದರ್ಶನದ ಚಪ್ಪರದಲ್ಲಿ. ಅಲ್ಲಿ ಅಗಲವಾದ ಬಾಗಿಲು, ಸಲೀಸಾದ ಏಣಿ, ಬೆಳಕು ತುಂಬಿದ ಕ್ಯಾಬಿನ್ ಕಣ್ಣಿಗೆ ಬೀಳುತ್ತವೆ. ಎತ್ತರದ ಹೊಸ್ತಿಲು ಕಣ್ಣಿಗೆ ಬೀಳುವುದು ಕಾಲಿಗೆ ಎಡವಿದಾಗ ಮಾತ್ರ. ಹಾಗಾಗಿ ಕೆಲವು ವಿನ್ಯಾಸಗಳಲ್ಲಿ ಹೊಸ್ತಿಲು ತಗ್ಗುತ್ತಾ ಹೋಗಿ ಬಾಗಿಲು ಕಾಕ್‌ಪಿಟ್ಟಿನ ನೆಲದ ಹತ್ತಿರಕ್ಕೆ ಇಳಿಯಿತು. ಓಟದ ದೋಣಿಗಳಲ್ಲಿ ಹಾಯಿಚೀಲಗಳನ್ನು ಸರಸರನೆ ಮೇಲೆ ಕೆಳಗೆ ಸಾಗಿಸಲು ಇದು ಅನುಕೂಲವೂ ಆಗಿತ್ತು.

ಇನ್ನೊಂದು ಬದಲಾವಣೆ ನೋಡಲು ಚಿಕ್ಕದು. ಬಾಗಿಲಿನ ಎರಡು ಬದಿ ಸಮಾನಾಂತರವಾಗಿರುವ ಬದಲು ಮೇಲಕ್ಕೆ ಹೋದಂತೆ ಅಗಲವಾಗತೊಡಗಿತು. ಇಳಿಯುವವರ ಭುಜಕ್ಕೆ ಜಾಗ ಸಿಗುತ್ತದೆ, ಹಲಗೆಯನ್ನೂ ತಟ್ಟನೆ ತೆಗೆಯಬಹುದು. ಸಮಾನಾಂತರ ತೋಡಿನಲ್ಲಿ ಹಲಗೆಯನ್ನು ತುದಿಯವರೆಗೆ ಎತ್ತಿದರೇ ಹೊರಬರುತ್ತದೆ. ಅಗಲವಾಗುವ ತೋಡಿನಲ್ಲಿ ನಾಲ್ಕು ಬೆರಳು ಎತ್ತಿದರೆ ಸಾಕು, ಕೈಗೆ ಬಂದುಬಿಡುತ್ತದೆ. ಕೈಯೇ ಎತ್ತಬೇಕೆಂದೂ ಇಲ್ಲ. ದೋಣಿ ಮಗುಚಿದರೆ ಅದರ ಸ್ವಂತ ಭಾರವೇ ಸಾಕು.

ಜೊತೆಗೆ ಹಲಗೆಯ ಕೆಲಸವೇ ಬದಲಾಗಿತ್ತು. ಸಾವಿರಾರು ದೋಣಿಗಳು ವರ್ಷದ ಬಹುಪಾಲು ಮರೀನಾದಲ್ಲಿ ಕಟ್ಟಿಬಿದ್ದಿರುತ್ತಿದ್ದವು. ಅಲ್ಲಿ ಹಲಗೆಯ ಮುಖ್ಯ ಕೆಲಸ ಕಳ್ಳರನ್ನು ತಡೆಯುವುದು. ಮೇಲಿನ ಮುಚ್ಚಳವನ್ನು ಎಳೆದು ಹೊರಗಿನ ಅಗುಳಿಗೆ ಬೀಗ ಹಾಕಿದರೆ ಹಲಗೆಗಳು ತಾವಾಗಿ ಬಂದೋಬಸ್ತಾಗುತ್ತವೆ. ಒಳಗೆ ಜನರಿದ್ದು, ಹೊರಗೂ ಜನರಿದ್ದು, ಇಬ್ಬರಿಗೂ ತೆರೆಯಲು ಬರಬೇಕಾದ ಪರಿಸ್ಥಿತಿಗೆ ಆ ಅಗುಳಿ ಏನೂ ಮಾಡಲಾರದು. ಸಮುದ್ರಕ್ಕೆ ಹೊರಡುವಾಗ ಬೀಗ ತೆಗೆದು, ಹಲಗೆ ಕಿತ್ತು, ಕಾಕ್‌ಪಿಟ್ಟಿನ ಪೆಟ್ಟಿಗೆಗೆ ಹಾಕುವುದು ರೂಢಿಯಾಯಿತು. ಮತ್ತೆ ಅದರ ನೆನಪು ಬರುತ್ತಿದ್ದುದು ಸಂಜೆ ಬಂದರು ಸೇರಿದಾಗ.

1979ರ ಆಗಸ್ಟ್ 11ರಂದು ಕೌಸ್‌ನಿಂದ 303 ದೋಣಿಗಳು ಹೊರಟವು. ಐರ್ಲೆಂಡಿನ ನೈಋತ್ಯದಲ್ಲಿರುವ ಫಾಸ್ಟ್‌ನೆಟ್ ಬಂಡೆಯನ್ನು ಸುತ್ತಿ ಪ್ಲಿಮತ್‌ಗೆ ಮರಳುವ, 600 ನಾಟಿಕಲ್ ಮೈಲಿಗೂ ಮೀರಿದ ದಾರಿ. 13ರ ರಾತ್ರಿ ಅಟ್ಲಾಂಟಿಕ್ಕಿನಿಂದ ಧಾವಿಸಿ ಬಂದ ವಾಯುಭಾರ ಕುಸಿತವೊಂದು ಸೆಲ್ಟಿಕ್ ಸಮುದ್ರದಲ್ಲಿ ಹರಡಿಕೊಂಡಿದ್ದ ಈ ದೋಣಿಗಳ ಮೇಲೆ ಎರಗಿತು. ತನಿಖೆಗೆ ಉತ್ತರಿಸಿದ ದೋಣಿಗಳಲ್ಲಿ ಅರ್ಧದ ಹತ್ತಿರ ಹಾಯಿಕಂಬ ನೀರಿಗೆ ತಾಗುವಷ್ಟು ಮಲಗಿದ್ದವು. ಮೂರನೆಯ ಒಂದು ಭಾಗ ಅದಕ್ಕೂ ಮೀರಿ ಹೊರಳಿದ್ದವು, ಕೆಲವು ಪೂರ್ತಿ ಒಂದು ಸುತ್ತು ಉರುಳಿದ್ದವು. ಗುರಿ ಮುಟ್ಟಿದವು 85 ಮಾತ್ರ.

ಆ ರಾತ್ರಿ ಹಲಗೆಗಳಿಗೆ ಏನಾಯಿತು ಎಂಬುದು ಊಹೆಗೆ ಸುಲಭ. ಕೆಳಗೆ ವಾಂತಿಯಿಂದ ಬಳಲಿದವರಿಗೆ ಗಾಳಿ ಬೇಕು, ಪಾಳಿ ಬದಲಾಗುವಾಗ ಸುರಕ್ಷತಾ ಪಟ್ಟಿ ಬಿಗಿದುಕೊಂಡವರು ಹತ್ತಿಳಿಯಬೇಕು, ಮೇಲಿನವರು ಕೆಳಗಿನವರಿಗೆ ಕೂಗಿ ಹೇಳಬೇಕು. ಹಾಗಾಗಿ ಒಂದು ಹಲಗೆ ಹಾಕಿದರೆ ಇನ್ನೊಂದು ಹೊರಗಿರುತ್ತಿತ್ತು. ಹಾಕಿದ್ದವೂ ಕೆಲವು ದೋಣಿಗಳಲ್ಲಿ ಹೊರಳುವಾಗ ತೋಡಿನಿಂದ ಜಾರಿ ಸಮುದ್ರ ಸೇರಿದವು. ಅರವತ್ತು ಸೆಂಟಿಮೀಟರ್ ಅಗಲ, ಒಂದು ಮೀಟರ್ ಎತ್ತರದ ಬಾಯಿಯಲ್ಲಿ ನೀರು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಹೊಕ್ಕರೂ ಪ್ರತಿ ಸೆಕೆಂಡಿಗೆ ಒಂದು ಟನ್ನಿಗೂ ಹೆಚ್ಚು ನೀರು ಒಳಬರುತ್ತದೆ. 30 ಅಡಿಯ ದೋಣಿಯ ತೂಕವೇ ಕೆಲವು ಟನ್. ನೀರು ತುಂಬಿದ ದೋಣಿ ಏಳಲು ಸೋಮಾರಿಯಾಗುತ್ತದೆ, ಮುಂದಿನ ಅಲೆಗೆ ಮತ್ತೆ ಮಲಗುತ್ತದೆ. ಕೈಪಂಪಿನಿಂದ ಅದನ್ನು ಗೆಲ್ಲಲಾಗದು.

ಒಟ್ಟು 24 ದೋಣಿಗಳನ್ನು ಜನ ಬಿಟ್ಟು ಹೋದರು. ಅವುಗಳಲ್ಲಿ ಮುಳುಗಿದ್ದು ಐದು, ಉಳಿದ 19 ಆಮೇಲೆ ತೇಲುತ್ತಾ ಸಿಕ್ಕವು. ಬಿಟ್ಟು ತೆಪ್ಪ ಹತ್ತಿದವರಲ್ಲಿ ಕೆಲವರು ತೆಪ್ಪ ಮಗುಚಿ, ಹರಿದು ಸತ್ತಿದ್ದರು. 30 ಅಡಿಯ ‘ಗ್ರಿಮಾಲ್ಕಿನ್’ ದೋಣಿಯಲ್ಲಿ ಸತ್ತರೆಂದು ಭಾವಿಸಿ ಇಬ್ಬರನ್ನು ಬಿಟ್ಟು ಉಳಿದವರು ತೆಪ್ಪಕ್ಕೆ ಇಳಿದಿದ್ದರು. ಆ ಇಬ್ಬರಲ್ಲಿ ಒಬ್ಬರಾದ ನಿಕ್ ವಾರ್ಡ್ ಎಚ್ಚೆತ್ತು, ಕ್ಯಾಬಿನ್ನಿನಲ್ಲಿ ತುಂಬಿದ್ದ ನೀರನ್ನು ಬಕೆಟ್ಟಿನಿಂದ ಗಂಟೆಗಟ್ಟಲೆ ಚೆಲ್ಲುತ್ತಾ ದೋಣಿಯನ್ನು ತೇಲಿಸಿಕೊಂಡಿದ್ದು ಕೊನೆಗೆ ಹೆಲಿಕಾಪ್ಟರಿಗೆ ಸಿಕ್ಕರು. ಅವರ ಜೊತೆಗಾರ ಜೆರಿ ವಿಂಕ್ಸ್ ಉಳಿಯಲಿಲ್ಲ.

ದುರಂತದ ನಂತರದ ಚರ್ಚೆ ಬಹುಪಾಲು ದೋಣಿಯ ಅಡಿಯ ಭಾರ, ಅಗಲ, ಸ್ಥಿರತೆಯ ಲೆಕ್ಕದ ಸುತ್ತ ನಡೆಯಿತು. ಅಮೆರಿಕದ ನೌಕಾ ಎಂಜಿನಿಯರುಗಳು ಮತ್ತು ಅಲ್ಲಿನ ಯಾಟ್ ಸಂಘ ಸೇರಿ ಮಗುಚುವಿಕೆಯ ಬಗ್ಗೆ 1985ರಲ್ಲಿ ದೊಡ್ಡ ವರದಿಯನ್ನೇ ಕೊಟ್ಟವು. ಒಡಲಿನ ಆಕಾರ ಬದಲಿಸಲು ವರ್ಷಗಳು ಬೇಕು. ಹಲಗೆಗೆ ಒಂದು ರಂಧ್ರ ಕೊರೆದು ಹಗ್ಗ ಪೋಣಿಸಲು ಹತ್ತು ನಿಮಿಷ ಸಾಕು. ಕಡಲಪಂದ್ಯಗಳ ಸುರಕ್ಷತಾ ನಿಯಮಗಳು ಹಲಗೆಯ ವಿಷಯದಲ್ಲಿ ಬಿಗಿಯಾದವು. ಇಂದು ವರ್ಲ್ಡ್ ಸೇಲಿಂಗ್ ಸಂಸ್ಥೆ ಹೊರತರುವ ನಿಯಮದ ತಿರುಳು ಇಷ್ಟು: ಬಾಗಿಲನ್ನು ಗಟ್ಟಿಯಾಗಿ ಮುಚ್ಚಲು ಬರಬೇಕು. ಮುಚ್ಚಿದ್ದನ್ನು ಒಳಗಿನಿಂದಲೂ ಹೊರಗಿನಿಂದಲೂ, ದೋಣಿ ತಲೆಕೆಳಗಾಗಿದ್ದಾಗಲೂ ಬಿಗಿಯಲು ಮತ್ತು ಬಿಚ್ಚಲು ಬರಬೇಕು. ಹಲಗೆ ತೋಡಿನಲ್ಲಿರಲಿ ಬಿಡಲಿ, ಪಂದ್ಯ ಮುಗಿಯುವವರೆಗೆ ಹಗ್ಗದಿಂದ ದೋಣಿಗೆ ಕಟ್ಟಿರಬೇಕು. ಯುರೋಪಿನಲ್ಲಿ 1994ರ ವಿಹಾರದೋಣಿ ನಿರ್ದೇಶನ, ಅದರ ಬೆನ್ನಿಗೆ ಬಂದ ಐಎಸ್ಒ 12216ರಂಥ ಮಾನದಂಡಗಳು ಪಂದ್ಯಕ್ಕೆ ಹೋಗದ ಸಾಮಾನ್ಯ ದೋಣಿಗಳ ಕಿಟಕಿ ಬಾಗಿಲುಗಳಿಗೂ ಬಲದ ಮತ್ತು ನೀರುಬಿಗಿತದ ಅಳತೆ ಹಾಕಿದವು.

ಮೂರನೆಯ ಷರತ್ತು ನೋಡಲು ಸಾಧು, ಆದರೆ ಹಲಗೆ ಇಡುವ ರೂಢಿಯನ್ನೇ ಬುಡಮೇಲು ಮಾಡಿದ್ದು ಅದು. ಹಗ್ಗ ಎಷ್ಟು ಉದ್ದವೋ ಅಷ್ಟೇ ದೂರ ಹಲಗೆ ಹೋಗಬಲ್ಲದು. ಕಾಕ್‌ಪಿಟ್ಟಿನ ಪೆಟ್ಟಿಗೆ ಅಲ್ಲಿಗೇ ಅನರ್ಹವಾಯಿತು. ಅನರ್ಹವಾಗಬೇಕಾದ್ದೂ ಹೌದು. ಅಲ್ಲಿ ಹಲಗೆಯ ಮೇಲೆ ಲಂಗರಿನ ಹಗ್ಗ, ಬಂಪರು, ಬಕೆಟ್ಟು ಬಿದ್ದಿರುತ್ತವೆ. ಬಿರುಗಾಳಿಯಲ್ಲಿ ಒಂದು ಬಾಯಿ ಮುಚ್ಚುವ ಸಲುವಾಗಿ ಪೆಟ್ಟಿಗೆಯ ಮುಚ್ಚಳವೆಂಬ ಇನ್ನೊಂದು ಬಾಯಿ ತೆರೆಯಬೇಕು. ಮಲಗುವ ಹಾಸಿಗೆಯ ಅಡಿಗೆ ತೂರಿಸುವ ಹಳೆಯ ಅಭ್ಯಾಸಕ್ಕೂ ಕುತ್ತು ಬಂತು. ಅಲ್ಲಿ ಒದ್ದೆ ಹಲಗೆ ಹಾಸಿಗೆಯನ್ನು ಒದ್ದೆ ಮಾಡುತ್ತಿತ್ತು, ಒಂದರ ಮೇಲೊಂದು ಉಜ್ಜಿ ವಾರ್ನಿಷ್ ಕೆರೆದುಹೋಗುತ್ತಿತ್ತು, ಮೇಲೆ ಯಾರಾದರೂ ಮಲಗಿದ್ದರೆ ಅವರನ್ನು ಎಬ್ಬಿಸಿಯೇ ಹಲಗೆ ತೆಗೆಯಬೇಕಿತ್ತು. ಕಾಕ್‌ಪಿಟ್ಟಿನ ನೆಲದಲ್ಲೇ ಬಿಡುವವರೂ ಇದ್ದರು. ವಾರ್ನಿಷ್ ಹಚ್ಚಿದ ಹಲಗೆ ಒದ್ದೆಯಾದರೆ ಅದರ ಮೇಲೆ ಕಾಲಿಟ್ಟವರು ಬೀಳುವುದು ಖಂಡಿತ.

ಬದಲಿಗೆ ಎರಡು ಪದ್ಧತಿ ನೆಲೆನಿಂತವು. ಒಂದು, ಏಣಿಯ ಪಕ್ಕದ ಗೋಡೆಗೆ ಬಿಗಿದ ಮರದ ಗೂಡು. ಹಲಗೆಗಳು ತೋಡಿನಲ್ಲಿ ಕೂರುವ ಕ್ರಮದಲ್ಲೇ ಅಲ್ಲಿ ನೆಟ್ಟಗೆ ನಿಲ್ಲುತ್ತವೆ, ಮೊದಲು ಬೇಕಾದ ಕೆಳಹಲಗೆ ಎಲ್ಲಕ್ಕಿಂತ ಮುಂದೆ. ಇನ್ನೊಂದು, ದಪ್ಪ ಬಟ್ಟೆಯ ಚೀಲ. ಹಾಯಿ ಹೊಲಿಯುವವರು ಉಳಿಕೆ ಬಟ್ಟೆಯಿಂದ ಹಲಗೆಗೊಂದರಂತೆ ಜೇಬು ಹೊಲಿದು, ನಡುವೆ ಮೆತ್ತನೆಯ ಬಟ್ಟೆ ಕೊಟ್ಟು, ಮೇಲೆ ಕಣ್ಣುಗಳನ್ನು ಬಿಗಿದು ಕೊಡುತ್ತಾರೆ. ಅದು ಏಣಿಯ ಹಿಂದೆ ನೇತಾಡುತ್ತದೆ. ಚೀಲ ಅಗ್ಗ, ವಾರ್ನಿಷ್ ಉಳಿಯುತ್ತದೆ, ಆದರೆ ದೋಣಿ ಹೊರಳಿದಾಗ ಜೇಬಿನ ಬಾಯಿ ಕಟ್ಟಿರದಿದ್ದರೆ ಹಲಗೆ ಹಾರಿ ಬಂದು ಯಾರ ತಲೆಗಾದರೂ ಬಡಿಯಬಹುದು. ಹಾಗಾಗಿ ಜೇಬಿನ ಮೇಲೆ ಒಂದು ಪಟ್ಟಿ ಬೇಕೇ ಬೇಕು. ಗೂಡಿಗೂ ಒಂದು ತಿರುಗುಚಿಲಕ ಬೇಕು. ದೂರಪ್ರಯಾಣದ ಕೆಲವರು ಕೆಳಹಲಗೆಯನ್ನು ಬಂದರು ಬಿಟ್ಟ ಮೇಲೆ ತೆಗೆಯುವುದೇ ಇಲ್ಲ.

ಈ ಕಥೆಗೆ ಭಾರತದ ಕೊಂಡಿಯೂ ಇದೆ. ಒಬ್ಬಂಟಿಯಾಗಿ, ಎಲ್ಲೂ ನಿಲ್ಲದೆ ಭೂಮಿಯನ್ನು ಸುತ್ತಿದ ಮೊದಲ ದೋಣಿ ‘ಸುಹೈಲಿ’ ಹುಟ್ಟಿದ್ದು ಬೊಂಬಾಯಿಯಲ್ಲಿ, ಕಟ್ಟಿದ್ದು ತೇಗದಲ್ಲಿ. 32 ಅಡಿಯ ಆ ದೋಣಿಯಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ 1968ರ ಜೂನ್ 14ರಂದು ಹೊರಟು 1969ರ ಏಪ್ರಿಲ್ 22ರಂದು ಮರಳಿದರು. ದಕ್ಷಿಣ ಸಾಗರದಲ್ಲಿ ಅದು ಅಡ್ಡ ಮಲಗಿ, ಕ್ಯಾಬಿನ್ನೇ ಡೆಕ್ಕಿನ ಮೇಲೆ ಅಲುಗಿ, ಸಂದಿನಿಂದ ನೀರು ಸುರಿದಿತ್ತು. ಅದೇ ಮಾದರಿಯಲ್ಲಿ ಗೋವೆಯಲ್ಲಿ ಕಟ್ಟಿದ ‘ತುರಿಯಾ’ ದೋಣಿಯಲ್ಲಿ ನೌಕಾಪಡೆಯ ಅಧಿಕಾರಿ ಅಭಿಲಾಷ್ ಟಾಮಿ 2018ರ ಗೋಲ್ಡನ್ ಗ್ಲೋಬ್ ಪಂದ್ಯಕ್ಕಿಳಿದರು. ಸೆಪ್ಟೆಂಬರ್ 21ರಂದು ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ದೋಣಿ ಉರುಳಿ ಹಾಯಿಕಂಬ ಮುರಿಯಿತು, ಅವರ ಬೆನ್ನಿಗೆ ತೀವ್ರ ಪೆಟ್ಟಾಯಿತು. ನಡೆಯಲಾಗದೆ ಕ್ಯಾಬಿನ್ನಿನೊಳಗೆ ಮಲಗಿದ್ದ ಅವರನ್ನು ಮೂರು ದಿನಗಳ ನಂತರ ‘ಒಸಿರಿಸ್’ ಎಂಬ ಫ್ರೆಂಚ್ ಹಡಗಿನವರು ಸ್ಟ್ರೆಚರಿನಲ್ಲಿ ಹೊರತಂದರು.

ಹೊಸ ದೋಣಿಗಳಲ್ಲಿ ಮರದ ಹಲಗೆ ಅಪರೂಪವಾಗುತ್ತಿದೆ. ಹಲವುಗಳಲ್ಲಿ ಒಂದೇ ದಪ್ಪನೆಯ ಅಕ್ರಿಲಿಕ್ ಹಾಳೆ ಹೊಸ್ತಿಲ ಕೆಳಗಿನ ಸಂದಿಗೆ ಜಾರಿ ಇಳಿಯುತ್ತದೆ, ಬೇಕಾದಾಗ ಎಳೆದರೆ ಮೇಲೆ ಬರುತ್ತದೆ. ಇಡುವ ಜಾಗವೂ ಹಾಕುವ ಜಾಗವೂ ಒಂದೇ ಆದದ್ದರಿಂದ ಕಳೆದುಹೋಗುವ ಮಾತಿಲ್ಲ. ಆದರೆ ಆ ಸಂದಿನಲ್ಲಿ ಮರಳೋ ಉಪ್ಪೋ ಕಟ್ಟಿಕೊಂಡರೆ ಹಾಳೆ ಅರ್ಧಕ್ಕೇ ನಿಲ್ಲುತ್ತದೆ, ಬಿಚ್ಚಿ ತೊಳೆಯುವುದು ತಲೆನೋವು. ಹಳೆಯ ದೋಣಿಗಳ ಯಜಮಾನರು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಹೋಗುತ್ತಾರೆ. ದಿನಬಳಕೆಗೆಂದು ಕೀಲಿರುವ ಪುಟ್ಟ ಜೋಡಿಬಾಗಿಲು ಮಾಡಿಸಿಕೊಂಡು, ಮೂಲ ಹಲಗೆಗಳನ್ನು ಮನೆಯ ಗ್ಯಾರೇಜಿನಲ್ಲಿ ಇಟ್ಟುಬಿಡುತ್ತಾರೆ. ದೋಣಿ ಕೈ ಬದಲಾದಾಗ ಹಲಗೆ ಅಲ್ಲೇ ಉಳಿಯುತ್ತದೆ. ಕಡಲಪಂದ್ಯಕ್ಕೆ ಮುನ್ನ ತಪಾಸಣೆಗೆ ಬರುವವರು ಈ ಚಾಳಿ ಬಲ್ಲರು. ಹಲಗೆಗಳನ್ನು ತಂದು ತೋರಿಸಿ ಎಂದಷ್ಟೇ ಕೇಳದೆ, ಒಬ್ಬರನ್ನು ಒಳಗೆ ಕೂರಿಸಿ ಅವನ್ನು ಹಾಕಿ ಬಿಗಿಯಲು ಹೇಳಿ, ಆಮೇಲೆ ಹೊರಗಿನಿಂದ ತಾವೇ ಬಿಚ್ಚಿ ನೋಡುತ್ತಾರೆ.